ಮಳೆಗಾಲದಲ್ಲಿ ಹಿಡಿಯುವ ಬಾಗಿಲು: ತಪ್ಪು ಮರದ್ದೋ, ಹಿಂಜಸ್‌ದೋ?

ಪ್ರಶ್ನೆ: ನಮ್ಮ ಮನೆ ಮೂಡಿಗೆರೆ ಹತ್ತಿರ. ಕಟ್ಟಿಸಿ ಆರು ವರ್ಷ ಆಯಿತು. ಮುಂಬಾಗಿಲು ತೇಗದ್ದು, ಏಳಡಿ ಎತ್ತರ, ಮೂರೂವರೆ ಅಡಿ ಅಗಲ. ನಾಲ್ಕಿಂಚಿನ ಮೂರು ಕಬ್ಬಿಣದ ಹಿಂಜಸ್ ಹಾಕಿದ್ದಾರೆ. ಮಳೆ ಹಿಡಿದ ಮೇಲೆ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ನೆಲವನ್ನೂ ಉಜ್ಜುತ್ತದೆ. ಆಚಾರ್ರು ಎರಡು ಸಲ ಹತ್ತರಿ ಹಾಕಿಕೊಟ್ಟರು. ಈಗ ಬೇಸಿಗೆಯಲ್ಲಿ ಸಂದಿಯಿಂದ ಬೆಳಕು ಕಾಣುತ್ತದೆ, ಮಳೆಗಾಲದಲ್ಲಿ ಮತ್ತೆ ಅದೇ ಕತೆ. ಕಡೂರಿನ ನಮ್ಮ ಭಾವನ ಮನೆಗೂ ಅದೇ ಆಚಾರ್ರೇ ಬಾಗಿಲು ಮಾಡಿದ್ದು, ಅಲ್ಲಿ ಏನೂ ತೊಂದರೆ ಇಲ್ಲ. ಈಗ ಮಹಡಿ ಮೇಲೆ ಎರಡು ರೂಮು, ಒಂದು ಬಾತ್‌ರೂಮು ಕಟ್ಟಿಸುತ್ತಿದ್ದೇವೆ. ಅಂಗಡಿಯವರು ಎಲ್ಲದಕ್ಕೂ 316 ಸ್ಟೀಲ್ ಹಾಕಿಸಿ ಅನ್ನುತ್ತಾರೆ. ಯಾವ ಹಿಂಜಸ್ ತಗೊಳ್ಳಬೇಕು? ಹೇಗೆ ನೋಡಿಕೊಳ್ಳಬೇಕು?

ಉತ್ತರ: ಮೊದಲು ಆ ಹತ್ತರಿಯನ್ನು ಕೆಳಗಿಡಿಸಿ. ನೀವು ಹೇಳಿದ್ದರಲ್ಲಿ ಎರಡು ಬೇರೆ ಬೇರೆ ದೂರುಗಳಿವೆ. ಬಾಗಿಲು ಚೌಕಟ್ಟಿಗೆ ಕಚ್ಚುವುದು ಒಂದು, ನೆಲ ಉಜ್ಜುವುದು ಇನ್ನೊಂದು. ಎರಡೂ ಮಳೆಗಾಲದಲ್ಲೇ ಬರುವುದರಿಂದ ಮರ ಉಬ್ಬಿದ್ದೇ ಎರಡಕ್ಕೂ ಕಾರಣ ಅಂದುಕೊಂಡಿದ್ದೀರಿ. ಹಾಗಲ್ಲ.

ಮರ ತೇವ ಕುಡಿದರೆ ಅಗಲಕ್ಕೆ ಉಬ್ಬುತ್ತದೆ. ನಾರು ಓಡುವ ದಿಕ್ಕಿಗೆ, ಅಂದರೆ ಉದ್ದಕ್ಕೆ, ಉಬ್ಬುವುದು ಲೆಕ್ಕಕ್ಕೇ ಬಾರದಷ್ಟು ಕಡಿಮೆ. ನಿಮ್ಮ ಕದದ ಎರಡೂ ಪಕ್ಕದ ಪಟ್ಟಿಗಳು ಮೇಲಿಂದ ಕೆಳಗೆ ನೆಟ್ಟಗೆ ನಿಂತಿವೆ. ಎಷ್ಟೇ ಮಳೆ ಹೊಯ್ದರೂ ಅವು ಉದ್ದಕ್ಕೆ ಬೆಳೆದು ನೆಲ ಮುಟ್ಟುವುದಿಲ್ಲ. ನೆಲ ಉಜ್ಜುವ ಬಾಗಿಲು ಉಬ್ಬಿದ ಬಾಗಿಲಲ್ಲ, ಇಳಿದ ಬಾಗಿಲು. ಅದು ಇಳಿಯುವುದು ಹಿಂಜಸ್ ಸಡಿಲವಾದಾಗ. ಅದಕ್ಕೆ ಅಡಿಯಲ್ಲಿ ಹತ್ತರಿ ಹಾಕುವುದು ಎಂದರೆ ಕಾಲು ಕುಂಟಿದ್ದಕ್ಕೆ ಚಪ್ಪಲಿ ಕೆತ್ತಿದ ಹಾಗೆ.

ಅಗಲಕ್ಕೆ ಉಬ್ಬುವುದು ಮಾತ್ರ ನಿಜ. ತೇಗ ಬೇರೆ ಮರಗಳಿಗಿಂತ ಕಡಿಮೆ ಆಡುವ ಮರ. ಆದರೂ ತೇವ ನೂರಕ್ಕೆ ಒಂದು ಭಾಗ ಏರಿದರೆ ಅಗಲ ಸುಮಾರು ಸಾವಿರಕ್ಕೆ ಎರಡು ಭಾಗ ಹಿಗ್ಗುತ್ತದೆ. ಐದೈದು ಇಂಚಿನ ಎರಡು ಪಟ್ಟಿ ಅಂದರೆ 250 ಮಿ.ಮೀ. ತೇವ ನೂರಕ್ಕೆ ಆರು ಭಾಗ ಏರಿತು ಅಂತ ಇಟ್ಟುಕೊಳ್ಳಿ. ಹಿಗ್ಗುವುದು ಮೂರು ಮಿ.ಮೀ. ಅಷ್ಟೇ. ನಡುವಿನ ಹಲಗೆಗಳು ಗಾಡಿಯೊಳಗೆ, ಅಂದರೆ ಪಟ್ಟಿಯ ಅಂಚಿನಲ್ಲಿ ಕೊರೆದ ಕಾಲುವೆಯೊಳಗೆ, ಸಡಿಲವಾಗಿ ಕೂತಿರುತ್ತವೆ. ಅವು ಅಲ್ಲೇ ಆಡಿಕೊಳ್ಳುತ್ತವೆ, ಕದವನ್ನು ದೂಡುವುದಿಲ್ಲ. ಹಲಗೆಗೆ ಹಲಗೆ ಅಂಟಿಸಿ ಮಾಡಿದ ಪೂರಾ ಹಲಗೆ ಬಾಗಿಲಾಗಿದ್ದರೆ ಇದೇ ಲೆಕ್ಕದಲ್ಲಿ ಒಂದು ಸೆಂಟಿಮೀಟರಿಗೂ ಜಾಸ್ತಿ ಹಿಗ್ಗುತ್ತಿತ್ತು. ಹಳಬರು ಪಟ್ಟಿ ಕಟ್ಟಿ ಒಳಗೆ ಹಲಗೆ ಕೂರಿಸುತ್ತಿದ್ದದ್ದು ಸುಮ್ನೆ ಚಂದಕ್ಕಲ್ಲ.

ಭಾವನ ಮನೆ ವಿಚಾರ ಇಲ್ಲೇ ತೀರುತ್ತದೆ. ಜಿಲ್ಲೆ ಒಂದೇ ಆದರೂ ಕಡೂರು ಒಣ ಸೀಮೆ. ಆರಿದ್ರಾ ಹಿಡಿದರೆ ಆಶ್ಲೇಷಾ ಮುಗಿಯುವ ತನಕ ಬಟ್ಟೆ ಒಣಗದ ಊರು ನಿಮ್ಮದು. ಕಡೂರಲ್ಲಿ ಮೂರು ಮಿ.ಮೀ. ಸಂದಿ ಬಿಟ್ಟರೆ ವರ್ಷಪೂರ್ತಿ ಸಾಕಾಗುತ್ತದೆ. ಇಲ್ಲಿ ಬೇಸಿಗೆಯಲ್ಲಿ ಕೂರಿಸುವ ಕದಕ್ಕೆ ಚಿಲಕದ ಕಡೆ ನಾಲ್ಕು ಮಿ.ಮೀ. ಬಿಡಬೇಕು. ಆಗಸ್ಟ್‌ನಲ್ಲಿ ಕೂರಿಸುವುದಾದರೆ ಎರಡು ಸಾಕು.

ಈಗ ನಿಮ್ಮ ಬಾಗಿಲಲ್ಲಿ ಏನಾಗಿದೆ ನೋಡೋಣ. ಕದವನ್ನು ಅರ್ಧ ತೆರೆದು ಹಿಡಿಕೆ ಹಿಡಿದು ಮೇಲಕ್ಕೆ ಎತ್ತಿ. ಇನ್ನೊಬ್ಬರು ಸ್ಟೂಲಿನ ಮೇಲೆ ನಿಂತು ಮೇಲಿನ ಹಿಂಜಸ್ ಮೇಲೆ ಕಣ್ಣಿಟ್ಟಿರಲಿ. ಎತ್ತಿದಾಗ ಹಿಂಜಸ್‌ನ ರೆಕ್ಕೆ ಚೌಕಟ್ಟಿನ ಮೇಲೆ ಕೂದಲಿನಷ್ಟು ಅಲ್ಲಾಡಿದರೂ ಸ್ಕ್ರೂ ಹಿಡಿತ ಬಿಟ್ಟಿದೆ ಎಂದೇ ಅರ್ಥ. ರೆಕ್ಕೆ ಅಲ್ಲಾಡದೆ, ಪಿನ್ನು ಕೂರುವ ಸುರುಳಿಯಲ್ಲಿ ಆಟ ಕಂಡರೆ ಪಿನ್ನು ಸವೆದಿದೆ. ಆಮೇಲೆ ಕದ ಹಾಕಿ ಸುತ್ತಲಿನ ಸಂದಿ ನೋಡಿ. ಇಳಿದ ಬಾಗಿಲಲ್ಲಿ ಚಿಲಕದ ಕಡೆಯ ಮೇಲಿನ ಮೂಲೆ ಚೌಕಟ್ಟಿಗೆ ಒತ್ತಿಕೊಂಡಿರುತ್ತದೆ, ಹಿಂಜಸ್ ಕಡೆಯ ಮೇಲಿನ ಸಂದಿ ಅಗಲವಾಗಿರುತ್ತದೆ. ಬರೀ ಉಬ್ಬಿದ ಬಾಗಿಲಾದರೆ ಸಂದಿ ಮೇಲಿಂದ ಕೆಳಗಿನವರೆಗೂ ಒಂದೇ ಸಮ ಬಿಗಿಯಾಗಿರುತ್ತದೆ. ನೆಲದ ಮೇಲೆ ಕಮಾನಿನ ಹಾಗೆ ಗೀರು ಬಿದ್ದಿದೆಯಾ ನೋಡಿ. ನಿಮ್ಮ ಮನೆಯಲ್ಲಿ ಇದ್ದೇ ಇರುತ್ತದೆ ಅನ್ನುವುದು ನನ್ನ ಊಹೆ.

ಮೇಲಿನ ಹಿಂಜಸ್ಸೇ ಯಾಕೆ ಕೈ ಕೊಡುತ್ತದೆ? ತೇಗ ಘನ ಮೀಟರಿಗೆ ಸುಮಾರು 650 ಕೆ.ಜಿ. ತೂಗುತ್ತದೆ. ನಿಮ್ಮ ಅಳತೆಯ ಕದ 40 ಮಿ.ಮೀ. ದಪ್ಪ ಇದ್ದರೆ ಹತ್ತಿರ ಹತ್ತಿರ 60 ಕೆ.ಜಿ. ಬರುತ್ತದೆ. ಈ ತೂಕ ಹಿಂಜಸ್ ಮೇಲೆ ಕೆಳಮುಖವಾಗಿ ಬೀಳುವುದಷ್ಟೇ ಅಲ್ಲ, ಮೇಲಿನ ಹಿಂಜಸ್ಸನ್ನು ಚೌಕಟ್ಟಿನಿಂದ ಕಿತ್ತು ತೆಗೆಯಲೂ ಎಳೆಯುತ್ತಿರುತ್ತದೆ. ಕೆಳಗಿನದನ್ನು ಒಳಕ್ಕೆ ಒತ್ತುತ್ತಿರುತ್ತದೆ. ಎಳೆತದ ಲೆಕ್ಕ ಸುಲಭ. ಕದದ ತೂಕವನ್ನು ಅರ್ಧ ಅಗಲದಿಂದ ಗುಣಿಸಿ, ಮೇಲಿನ ಮತ್ತು ಕೆಳಗಿನ ಹಿಂಜಸ್ ನಡುವಿನ ದೂರದಿಂದ ಭಾಗಿಸಿ. ನಿಮ್ಮದಕ್ಕೆ ಅದು 18-19 ಕೆ.ಜಿ. ಹಗಲೂ ರಾತ್ರಿ, ಆರು ವರ್ಷದಿಂದ. ಇಪ್ಪತ್ತು ಕೆ.ಜಿ.ಯ ಮಗು ಹಿಡಿಕೆಗೆ ಜೋತು ಬಿದ್ದರೆ ಇನ್ನೊಂದು 12-13 ಕೆ.ಜಿ. ಸೇರುತ್ತದೆ. ಮಳೆಗಾಲದಲ್ಲಿ ಕದವೂ ನೀರು ಕುಡಿದು ಮೂರು ಕೆ.ಜಿ. ತೂಕ ಏರಿಸಿಕೊಂಡಿರುತ್ತದೆ. ಮೇಲಾಗಿ ಕಚ್ಚಿಕೊಂಡ ಬಾಗಿಲನ್ನು ನಾವು ಹೆಗಲು ಕೊಟ್ಟು ದೂಡುತ್ತೇವೆ, ಜಗ್ಗಿ ಎಳೆಯುತ್ತೇವೆ. ಆ ಜಗ್ಗಾಟವೆಲ್ಲ ಹೋಗಿ ಬೀಳುವುದು ಅದೇ ಮೇಲಿನ ನಾಲ್ಕು ಸ್ಕ್ರೂ ಮೇಲೆ.

ಮಲೆನಾಡಿನ ಕಡೆ ಹಿಂಜಸ್ ಪಟ್ಟಿ ಮುರಿದು ಬಾಗಿಲು ಕೆಟ್ಟದ್ದು ಬಹಳ ಅಪರೂಪ. ಕೆಡುವುದು ಸ್ಕ್ರೂ ಮತ್ತು ಅದರ ತೂತು. ಒಂದು ಸ್ಕ್ರೂ ಬಿಚ್ಚಿ ನೋಡಿ. ತಲೆ ಹೊಳೆಯುತ್ತಿದ್ದರೂ ಕುತ್ತಿಗೆಯ ಹತ್ತಿರ ತುಕ್ಕು ತಿಂದು ಬಡವಾಗಿರುತ್ತದೆ. ತೂತಿನ ಸುತ್ತ ಮರ ಕಪ್ಪಾಗಿರುತ್ತದೆ. ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ. ಅದು ಕೊಳೆ ಅಲ್ಲ. ಮರದ ಒಗರು ಕಬ್ಬಿಣಕ್ಕೆ ತಗುಲಿ ಆಗುವ ಕರಿ ಕಲೆ. ಅಳಲೆಕಾಯಿ ರಸಕ್ಕೆ ಕಬ್ಬಿಣ ಸೇರಿಸಿ ಹಿಂದೆ ಬರೆಯುವ ಮಸಿ ಮಾಡುತ್ತಿದ್ದರಲ್ಲ, ಅಲ್ಲಿ ನಡೆಯುವುದೇ ಇಲ್ಲೂ ನಡೆಯುತ್ತದೆ. ಮತ್ತಿ ಮರದ ಚೌಕಟ್ಟಾದರೆ ಇನ್ನೂ ಜೋರು, ಅದು ಅಳಲೆಯ ಕುಲದ್ದೇ ಮರ. ಒಳಗೆ ತೇವ, ಒಗರು, ಕಬ್ಬಿಣ ಮೂರೂ ಸೇರಿದ ಮೇಲೆ ಸ್ಕ್ರೂನ ಮರೆ, ಅಂದರೆ ಅದರ ಮೈಮೇಲಿನ ಸುತ್ತು ಗೀರು, ಎಷ್ಟು ದಿನ ಹಿಡಿದೀತು?

ಇನ್ನೊಂದು ರೋಗ ಕೆಲಸ ಮಾಡುವ ರೀತಿಯಲ್ಲೇ ಇದೆ. ಅವಸರದ ಕೆಲಸದಲ್ಲಿ ಸ್ಕ್ರೂವನ್ನು ಮುಕ್ಕಾಲು ಭಾಗ ಸುತ್ತಿಗೆಯಿಂದ ಹೊಡೆದು, ಕೊನೆಯ ಎರಡು ಸುತ್ತು ಮಾತ್ರ ತಿರುಗಿಸುತ್ತಾರೆ. ನೋಡಲು ಬಿಗಿಯಾಗೇ ಕೂರುತ್ತದೆ. ಒಳಗೆ ನಾರೆಲ್ಲ ಹರಿದಿರುತ್ತದೆ. ಹೊಸ ರೂಮಿನ ಕೆಲಸ ನಡೆಯುವಾಗ ನೀವೇ ಪಕ್ಕದಲ್ಲಿ ನಿಂತಿರಿ. ಎಂಟು ನಂಬರ್ ಸ್ಕ್ರೂಗೆ ಗಟ್ಟಿ ಮರದಲ್ಲಿ ಮೂರು ಮಿ.ಮೀ. ಬಿಟ್‌ನಲ್ಲಿ ಮೊದಲು ತೂತು ಹಾಕಬೇಕು. ಸ್ಕ್ರೂ ಮರೆಗೆ ಸ್ವಲ್ಪ ಮೇಣ ಸವರಬೇಕು. ಸೋಪು ಬೇಡ, ಅದು ತೇವ ಎಳೆಯುತ್ತದೆ. ಆಮೇಲೆ ಪೂರ್ತಿ ತಿರುಗಿಸಿಯೇ ಕೂರಿಸಬೇಕು. ಆಚಾರ್ರಿಗೆ ಬೇಜಾರಾಗದ ಹಾಗೆ ಹೇಳಿ, ಒಂದು ಲೋಟ ಕಾಫಿ ಕೊಟ್ಟು ಹೇಳಿದರೆ ಕೇಳುತ್ತಾರೆ.

ನಿಮ್ಮ ಮುಂಬಾಗಿಲಿಗೆ ನಾನು ಹೇಳುವುದು ಐದಿಂಚಿನ, ಮೂರು ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ಬೇರಿಂಗ್ ಹಿಂಜಸ್, ನಾಲ್ಕು. ಮೇಲಿನದು ತುದಿಯಿಂದ ಏಳೆಂಟು ಇಂಚು ಕೆಳಗೆ. ಅದಕ್ಕೆ ಒಂದಡಿ ಕೆಳಗೆ ಎರಡನೆಯದು, ಎಳೆತ ಹಂಚಿಕೊಳ್ಳಲು. ಅಡಿಯಿಂದ ಹತ್ತಿಂಚು ಮೇಲೆ ಕೊನೆಯದು. ಉಳಿದ ಒಂದು ನಡುವೆ, ಕದ ಸೊಟ್ಟ ತಿರುಗದ ಹಾಗೆ. ಐದಿಂಚು ಯಾಕೆ ಅಂದರೆ, ಹಳೇ ನಾಲ್ಕಿಂಚಿನ ಕಚ್ಚನ್ನೇ (ಹಿಂಜಸ್ ಕೂರಲು ಮರದಲ್ಲಿ ಕೆತ್ತಿದ ತಗ್ಗು) ಸ್ವಲ್ಪ ಬೆಳೆಸಿ ಕೂರಿಸಬಹುದು, ಸ್ಕ್ರೂ ತೂತುಗಳು ಹೊಸ ಮರಕ್ಕೆ ಬೀಳುತ್ತವೆ. ಹಳೇ ತೂತಿನ ಮೇಲೇ ಹೊಸ ತೂತು ಬಂದರೆ ಬೆಂಕಿ ಕಡ್ಡಿ ತುರುಕಿ ಕೈ ತೊಳೆದುಕೊಳ್ಳಲು ಬಿಡಬೇಡಿ. ಹತ್ತು ಮಿ.ಮೀ. ತೂತು ಕೊರೆದು, ಒಣಗಿದ ಗಟ್ಟಿ ಮರದ ಗೂಟಕ್ಕೆ ಫೆವಿಕಾಲ್ ಹಚ್ಚಿ ಬಡಿದು, ಒಂದು ರಾತ್ರಿ ಬಿಟ್ಟು, ಆಮೇಲೆ ತೂತು ಹಾಕಬೇಕು.

ಹಿಂಜಸ್ ಜೊತೆ ಪೊಟ್ಟಣದಲ್ಲಿ ಬರುವ ಸ್ಕ್ರೂ ನಂಬಬೇಡಿ. ಕದದ ಕಡೆಗೆ 35 ಮಿ.ಮೀ. ಸಾಕು. ಚೌಕಟ್ಟಿನ ಕಡೆಗೆ, ಅದರಲ್ಲೂ ಮೇಲಿನ ಎರಡು ಹಿಂಜಸ್‌ಗೆ, 50 ಮಿ.ಮೀ. ಸ್ಟೇನ್‌ಲೆಸ್ ಸ್ಕ್ರೂ ಹಾಕಿಸಿ. ನಮ್ಮ ಕಡೆಯ ಚೌಕಟ್ಟು ದಪ್ಪ, ಅಷ್ಟು ಆಳಕ್ಕೆ ಹೋಗಲು ಜಾಗ ಇದೆ. ಸ್ಕ್ರೂ ತಲೆ ರೆಕ್ಕೆಯ ಮಟ್ಟಕ್ಕೆ ಸರಿಯಾಗಿ ಕೂರಬೇಕು. ಒಂದು ತಲೆ ಮೇಲೆದ್ದಿದ್ದರೂ ರೆಕ್ಕೆ ರೆಕ್ಕೆಗೆ ಕೂರುವುದಿಲ್ಲ, ಹಾಕಿದ ಬಾಗಿಲು ವಾಪಸ್ ಚಿಮ್ಮುತ್ತದೆ. ಕಚ್ಚು ಬೇಕಾದ್ದಕ್ಕಿಂತ ಆಳವಾದರೂ ಇದೇ ಕಾಯಿಲೆ. ಆಗ ರೆಕ್ಕೆಯ ಹಿಂದೆ ತೆಳು ತಗಡೋ ಲ್ಯಾಮಿನೇಟ್ ತುಂಡೋ ಇಟ್ಟರೆ ಸರಿಹೋಗುತ್ತದೆ.

ಈ ತಗಡಿನ ಉಪಾಯ ಇಳಿದ ಬಾಗಿಲಿಗೂ ಆಗುತ್ತದೆ. ಮೇಲಿನ ಸ್ಕ್ರೂ ಬಿಗಿ ಮಾಡಿದ ಮೇಲೂ ಕೂದಲೆಳೆ ಇಳಿದೇ ಇದ್ದರೆ, ಎಲ್ಲಕ್ಕಿಂತ ಕೆಳಗಿನ ಹಿಂಜಸ್ ಹಿಂದೆ ಎರಡು ಮಿ.ಮೀ. ತಗಡು, ನಡುವಿನವಕ್ಕೆ ಎತ್ತರಕ್ಕೆ ತಕ್ಕ ಹಾಗೆ ಕಡಿಮೆ. ನಿಮ್ಮ ಅಳತೆಯ ಕದ ಚಿಲಕದ ಕಡೆ ಒಂದೂಕಾಲು ಮಿ.ಮೀ. ಮೇಲೇಳುತ್ತದೆ. ಎಲ್ಲ ಪಿನ್ನೂ ಒಂದೇ ನೇರ ಗೆರೆಯಲ್ಲಿ ಇರಬೇಕು ಅನ್ನುವುದನ್ನು ಮಾತ್ರ ಮರೆಯಬಾರದು. ಗೆರೆ ತಪ್ಪಿದರೆ ಹಿಂಜಸ್ ಒಂದನ್ನೊಂದು ಜಗ್ಗುತ್ತವೆ, ಎಷ್ಟು ಎಣ್ಣೆ ಬಿಟ್ಟರೂ ಕಿರ್ ಅನ್ನುವುದು ನಿಲ್ಲುವುದಿಲ್ಲ.

ಸ್ಕ್ರೂ ಬಿಚ್ಚಿದಾಗ ಚೌಕಟ್ಟನ್ನು ಸುತ್ತಿಗೆ ಹಿಡಿಯಿಂದ ಒಮ್ಮೆ ತಟ್ಟಿ ನೋಡಿ. ಬೊಳ್ ಅಂತ ಪೊಳ್ಳು ಸದ್ದು ಬಂದರೆ ಗೆದ್ದಲು. ಆಗ ಯಾವ ಹಿಂಜಸ್ ತಂದರೂ ದಂಡ, ಮೊದಲು ಚೌಕಟ್ಟಿನ ಕೆಲಸ.

ಇನ್ನು 316. 316, 304, 202 ಇವೆಲ್ಲ ಸ್ಟೇನ್‌ಲೆಸ್ ಸ್ಟೀಲಿನ ದರ್ಜೆಯ ನಂಬರುಗಳು. 316 ಉಪ್ಪು ಗಾಳಿಗೆ ಮಾಡಿದ ಸ್ಟೀಲು. ಮಂಗಳೂರು, ಮಲ್ಪೆಯಲ್ಲಿ ಕಡಲ ಪಕ್ಕ ಮನೆ ಇದ್ದರೆ ಅದಕ್ಕೆ ಅರ್ಥ ಇದೆ. ಮೂಡಿಗೆರೆಗೆ ಮಳೆ ಬರುತ್ತದೆ, ಸಮುದ್ರ ಬರುವುದಿಲ್ಲ. 304 ಧಾರಾಳವಾಗಿ ಸಾಕು. ನೀವು ಹುಷಾರಾಗಿರಬೇಕಾದ್ದು 202 ವಿಚಾರದಲ್ಲಿ. ಅದರಲ್ಲಿ ನಿಕ್ಕೆಲ್ ಕಡಿಮೆ, ಮ್ಯಾಂಗನೀಸ್ ಜಾಸ್ತಿ. ನೋಡಲು 304ರ ಹಾಗೇ ಇರುತ್ತದೆ, ಅಗ್ಗ, ತೇವದ ಜಾಗದಲ್ಲಿ ಬೇಗ ಕಂದು ಚುಕ್ಕೆ ಬೀಳುತ್ತದೆ. ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು 'ನೋಡಿ, ಹಿಡಿಯಲ್ಲ, ಒರಿಜಿನಲ್' ಅನ್ನುತ್ತಾರೆ. ಆ ಪರೀಕ್ಷೆ ಅರ್ಧ ಮಾತ್ರ ನಿಜ. 202ಕ್ಕೂ ಅಯಸ್ಕಾಂತ ಹಿಡಿಯುವುದಿಲ್ಲ. ಅಸಲಿ 304ರಲ್ಲೂ ಪಟ್ಟಿ ಬಗ್ಗಿಸಿ ಸುರುಳಿ ಮಾಡಿದ ಜಾಗದಲ್ಲಿ ಸ್ವಲ್ಪ ಹಿಡಿಯಬಹುದು. ಕಬ್ಬಿಣಕ್ಕೆ ಪಾಲಿಶ್ ಹೊಡೆದು ಕೊಟ್ಟಿದ್ದಾರಾ ಅನ್ನುವುದಷ್ಟೇ ಅಯಸ್ಕಾಂತದಿಂದ ಗೊತ್ತಾಗುತ್ತದೆ. ಹಾಗಾಗಿ ಹಿಂಜಸ್ ಮೇಲೆ 304 ಅಂತ ಒತ್ತಿದ್ದಾರಾ ನೋಡಿ, ಬಿಲ್‌ನಲ್ಲೂ ಬರೆಸಿ. ಐಎಸ್ 12817 ಅಂತ ಮುದ್ರೆ ಇದ್ದರೆ ಇನ್ನೂ ಒಳ್ಳೆಯದು, ಸ್ಟೇನ್‌ಲೆಸ್ ಹಿಂಜಸ್‌ಗೆ ಇರುವ ಭಾರತೀಯ ಮಾನಕ ಅದು. ಎರಡು ರೆಕ್ಕೆ ಹಿಡಿದು ಮೇಲೆ ಕೆಳಗೆ ಆಡಿಸಿ. ಹೊಸದರಲ್ಲೇ ಕಟಕಟ ಅಂದರೆ ವಾಪಸ್ ಇಡಿ.

ಹಿತ್ತಾಳೆ ಬೇಕು ಅನ್ನುವವರೂ ಇದ್ದಾರೆ. ಚಂದವೇ, ತುಕ್ಕೂ ಇಲ್ಲ. ಆದರೆ ಭಾರದ ಕದಕ್ಕೆ ಪಿನ್ನು ಬೇಗ ಸವೆಯುತ್ತದೆ. ಹಿತ್ತಾಳೆ ಹಿಂಜಸ್‌ಗೆ ಕಬ್ಬಿಣದ ಸ್ಕ್ರೂ ಹಾಕಿದರಂತೂ ಎರಡು ಲೋಹ ತೇವದಲ್ಲಿ ಸೇರಿ ಕಬ್ಬಿಣವೇ ಮೊದಲು ಕರಗುತ್ತದೆ. ಹಾಕಿಸುವುದಾದರೆ ಸ್ಕ್ರೂ ಕೂಡ ಹಿತ್ತಾಳೆಯದ್ದೇ ಇರಲಿ. ಹಿತ್ತಾಳೆ ಸ್ಕ್ರೂ ಮೆದು. ಮೊದಲು ಅದೇ ಅಳತೆಯ ಸ್ಟೀಲ್ ಸ್ಕ್ರೂ ತಿರುಗಿಸಿ ದಾರಿ ಮಾಡಿ ತೆಗೆದು, ಆಮೇಲೆ ಇದನ್ನು ಕೂರಿಸಬೇಕು. ಇಲ್ಲದಿದ್ದರೆ ತಲೆ ಕಿತ್ತು ಕೈಗೆ ಬರುತ್ತದೆ.

ಮಹಡಿಯ ರೂಮುಗಳಿಗೆ ಫ್ಲಶ್ ಡೋರ್ ಹಾಕಿಸುತ್ತೀರಿ ಅಂದುಕೊಳ್ಳುತ್ತೇನೆ. ಅದು 30-35 ಕೆ.ಜಿ. ಒಳಗೇ ಇರುತ್ತದೆ. ನಾಲ್ಕಿಂಚಿನ ಮೂರು ಸಾಕು, ಬೇರಿಂಗ್ ಬೇಕಿಲ್ಲ. ಬಾಗಿಲು ಪೂರ್ತಿ ಗೋಡೆಗೆ ಮಡಚಿ ನಿಲ್ಲಬೇಕು ಅನ್ನುವುದಿದ್ದರೆ ಪಾರ್ಲಿಮೆಂಟ್ ಹಿಂಜಸ್ ಕೇಳಿ, ಅದರ ಸುರುಳಿ ಚೌಕಟ್ಟಿನಿಂದ ಮುಂದಕ್ಕೆ ಚಾಚಿರುತ್ತದೆ. ವಾರ್ಡ್‌ರೋಬ್‌ನ ಒಳಗಡೆ ಹಿಂಜಸ್ ಬೇರೆಯೇ ಲೋಕ. 0 ಕ್ರ್ಯಾಂಕ್, 8 ಕ್ರ್ಯಾಂಕ್, 16 ಕ್ರ್ಯಾಂಕ್ ಅಂತ ಬರುತ್ತವೆ. ಬಾಗಿಲು ಪಕ್ಕದ ಹಲಗೆಯನ್ನು ಪೂರ್ತಿ ಮುಚ್ಚಿದರೆ 0, ಒಂದೇ ಹಲಗೆಯನ್ನು ಎರಡು ಬಾಗಿಲು ಹಂಚಿಕೊಂಡರೆ 8, ಒಳಗೆ ಕೂತರೆ 16. ಇದು ಗೊತ್ತಿದ್ದರೆ ಅಂಗಡಿಗೆ ಎರಡು ಸಲ ಓಡುವುದು ತಪ್ಪುತ್ತದೆ.

ಬಾತ್‌ರೂಮಿಗೆ 304 ಬಿಟ್ಟು ಬೇರೆ ಯೋಚನೆಯೇ ಬೇಡ. ಅಲ್ಲಿ ನೀರಿಗಿಂತ ಕೆಟ್ಟದ್ದು ಆ್ಯಸಿಡ್. ಟಾಯ್ಲೆಟ್ ತೊಳೆಯಲು ಆ್ಯಸಿಡ್ ಸುರಿದು ಬಾಗಿಲು ಹಾಕಿಬಿಟ್ಟರೆ ಅದರ ಹೊಗೆಗೆ ಸ್ಟೇನ್‌ಲೆಸ್ ಕೂಡ ಚುಕ್ಕೆ ಚುಕ್ಕೆಯಾಗಿ ತಿಂದುಹೋಗುತ್ತದೆ. ತೊಳೆದ ಮೇಲೆ ಬಾಗಿಲು, ಕಿಟಕಿ ತೆರೆದಿಡಿ. ಹಿಂಜಸ್ಸನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ. ಹಂಡೆ ಒಲೆ ಇರುವ ಹಳೇ ಬಚ್ಚಲಿದ್ದರೆ ಅಲ್ಲಿಗೂ ಇದೇ ಸ್ಟೀಲು, ಹಬೆ ದಿನಾ ತಪ್ಪಿದ್ದಲ್ಲವಲ್ಲ.

ಟೆರೇಸಿಗೆ ಹೋಗುವ ಬಾಗಿಲು ಹೊರಕ್ಕೆ ತೆರೆಯುವುದಾದರೆ ಒಂದು ಎಚ್ಚರ. ಹಿಂಜಸ್‌ನ ಸುರುಳಿ ಹೊರಗಡೆ ಕಾಣುತ್ತದೆ. ಬಿಚ್ಚುವ ಪಿನ್ನಿದ್ದರೆ ಚಿಲಕ ಹಾಕಿದ್ದರೂ ಕದವನ್ನೇ ಕಳಚಬಹುದು. ಪಿನ್ನು ಬಡಿದು ಕೂರಿಸಿದ್ದು, ತೆಗೆಯಲು ಬಾರದ್ದು, ಅಂಥದ್ದನ್ನೇ ತಗೊಳ್ಳಿ. ಸಾಲದು ಅನ್ನಿಸಿದರೆ ಕದದ ಹಿಂಜಸ್ ಅಂಚಿಗೆ ಒಂದು ದಪ್ಪ ಸ್ಕ್ರೂವನ್ನು ಅರ್ಧ ಇಂಚು ಹೊರಗೆ ಬಿಟ್ಟು ಹಾಕಿಸಿ, ಅದರ ಎದುರಿಗೆ ಚೌಕಟ್ಟಿನಲ್ಲಿ ತೂತು ಮಾಡಿಸಿ. ಕದ ಹಾಕಿದಾಗ ಅದು ಒಳಗೆ ಹೋಗಿ ಕೂರುತ್ತದೆ. ಪಿನ್ನು ಹೋದರೂ ಕದ ಬರುವುದಿಲ್ಲ.

ನೋಡಿಕೊಳ್ಳುವುದು ಹೇಗೆ ಅಂದಿರಿ. ಕೊಬ್ಬರಿ ಎಣ್ಣೆ ಬಿಡಬೇಡಿ, ಇದೊಂದು ದಯವಿಟ್ಟು. ನಮ್ಮ ಕಡೆ ಡಿಸೆಂಬರ್ ಬೆಳಗ್ಗೆ ಬಾಟಲಿಯಲ್ಲೇ ಗಟ್ಟಿಯಾಗುವ ಎಣ್ಣೆ ಅದು, ಹಿಂಜಸ್ ಒಳಗೂ ಹಾಗೇ. ಅಡುಗೆ ಎಣ್ಣೆ ಯಾವುದಾದರೂ ಕೆಲವು ತಿಂಗಳಲ್ಲಿ ಅಂಟಾಗಿ ಧೂಳು ಹಿಡಿಯುತ್ತದೆ. ಡಬ್ಲ್ಯೂಡಿ-40 ತುಕ್ಕು ಬಿಡಿಸಲು, ತೇವ ಓಡಿಸಲು ಒಳ್ಳೆಯದು, ಆದರೆ ಬಹಳ ದಿನ ನಿಲ್ಲುವುದಿಲ್ಲ. ಹೊಲಿಗೆ ಮಿಷನ್ ಎಣ್ಣೆ ಒಂದೆರಡು ಹನಿ ಸುರುಳಿಯ ಸಂದುಗಳಿಗೆ ಬಿಟ್ಟು, ಬಾಗಿಲನ್ನು ಹತ್ತಾರು ಸಲ ಆಡಿಸಿ, ಹೊರಗೆ ಬಂದದ್ದನ್ನು ಒರೆಸಿ. ಪಿನ್ನು ಬಿಚ್ಚಲು ಬರುವಂತಿದ್ದರೆ ಒಂದೊಂದಾಗಿ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸ್ ತೆಳ್ಳಗೆ ಸವರಿ ವಾಪಸ್ ಹಾಕುವುದು ಎಲ್ಲಕ್ಕಿಂತ ಉತ್ತಮ. ಮೇ ತಿಂಗಳಲ್ಲಿ ಒಮ್ಮೆ, ಮಳೆ ಬಿಟ್ಟ ಮೇಲೆ ಅಕ್ಟೋಬರ್‌ನಲ್ಲಿ ಒಮ್ಮೆ ಸಾಕು. ಸ್ಕ್ರೂಡ್ರೈವರ್ ಹಿಡಿದು ಮೇಲಿನ ಸ್ಕ್ರೂಗಳನ್ನು ಮುಟ್ಟಿ ನೋಡುವುದೂ ಆಗಲೇ. ಪೇಂಟ್ ಕೆಲಸದವರು ಬಂದಾಗ ಹಿಂಜಸ್ ಮೇಲೆ ಟೇಪ್ ಅಂಟಿಸಿ. ಸುರುಳಿಯೊಳಗೆ ಪೇಂಟ್ ಇಳಿದರೆ ಅಲ್ಲಿಗೆ ಮುಗಿಯಿತು.

ಮುಂಬಾಗಿಲಿನ ಕೆಲಸವನ್ನು ಮಾರ್ಚ್-ಏಪ್ರಿಲ್‌ನಲ್ಲಿ ಇಟ್ಟುಕೊಳ್ಳಿ, ಮರ ಚೆನ್ನಾಗಿ ಒಣಗಿರುತ್ತದೆ. ಕದ ಹೇಗೂ ಇಳಿಸುತ್ತೀರಲ್ಲ, ಅದರ ತಲೆ ಮತ್ತು ಅಡಿಯ ಅಂಚುಗಳನ್ನು ನೋಡಿ. ಪಾಲಿಶ್ ಹೊಡೆಯುವವರು ಕಣ್ಣಿಗೆ ಕಾಣದ ಈ ಎರಡು ಅಂಚನ್ನು ಬಿಟ್ಟೇ ಬಿಟ್ಟಿರುತ್ತಾರೆ. ಎರಡು ಸಲ ಹತ್ತರಿ ಹಾಕಿದ ಅಂಚೂ ಬರೀ ಮರವೇ ಆಗಿರುತ್ತದೆ. ಪಕ್ಕದ ಪಟ್ಟಿಗಳ ನಾರಿನ ಬಾಯಿ ತೆರೆದಿರುವುದು ತಲೆ ಮತ್ತು ಅಡಿಯ ಅಂಚಿನಲ್ಲೇ, ತೇವ ಜಾಸ್ತಿ ಹೀರುವುದೂ ಅಲ್ಲಿಂದಲೇ. ಮೂರು ಕೋಟ್ ಪಾಲಿಶ್ ಕುಡಿಸಿ, ಒಣಗಿಸಿ, ಆಮೇಲೆ ಕೂರಿಸಿ.

ಹತ್ತರಿ ಹಾಕಿ ಆದ ಸಂದಿ ಮುಚ್ಚಲು ಅಂಚಿಗೆ ತೇಗದ ತೆಳು ಪಟ್ಟಿ ಅಂಟಿಸಬಹುದು. ಹಿಂಜಸ್ ಕಡೆಯ ಅಂಚಿಗೇ ಹಾಕಿಸಿದರೆ ಬೀಗ, ಚಿಲಕ ಮುಟ್ಟಬೇಕಿಲ್ಲ. ಆದರೆ ಅದನ್ನು ಈ ವರ್ಷವೇ ಮಾಡಿಸಬೇಡಿ. ಕದ ನೆಟ್ಟಗೆ ನಿಂತ ಮೇಲೆ ಮೇಲಿನ ಮೂಲೆಯ ಒತ್ತು ಹೋಗುತ್ತದೆ, ಸಂದಿಯ ಲೆಕ್ಕವೇ ಬದಲಾಗುತ್ತದೆ. ಒಂದು ಮಳೆಗಾಲ ನೋಡಿ. ಜುಲೈ ಕೊನೆಯಲ್ಲಿ ಚಿಲಕದ ಕಡೆ ಎಷ್ಟು ಸಂದಿ ಉಳಿಯಿತು ಅಂತ ಮೇಲೆ, ನಡುವೆ, ಕೆಳಗೆ ಅಳೆದು ಬರೆದಿಟ್ಟುಕೊಳ್ಳಿ. ಎರಡು ಮಿ.ಮೀ.ಗಿಂತ ಎಷ್ಟು ಜಾಸ್ತಿ ಇದೆಯೋ ಅಷ್ಟೇ ದಪ್ಪದ ಪಟ್ಟಿಯನ್ನು ಮುಂದಿನ ಬೇಸಿಗೆಯಲ್ಲಿ ಹಾಕಿಸಿ.